ಬೆಚ್ಚಗಿಡಬೇಕೋ, ತಣ್ಣಗಿಡಬೇಕೋ: ಪ್ಲೇಟ್‌ಲೆಟ್ ಚೀಲದ ಮುಗಿಯದ ವಾದ

ರಕ್ತನಿಧಿಯಲ್ಲಿ ಕೆಂಪು ರಕ್ತಕಣಗಳಿಗೆ ಫ್ರಿಜ್ ಇದೆ. 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸರಿಯಾದ ಸಂರಕ್ಷಕ ದ್ರಾವಣದ ಜೊತೆ, ಅವು ಆರು ವಾರದವರೆಗೆ ಬಾಳುತ್ತವೆ. ಪ್ಲಾಸ್ಮಾವನ್ನು ಶೀತಲೀಕರಿಸಿ ಗಟ್ಟಿ ಮಾಡಿಟ್ಟರೆ ಒಂದು ವರ್ಷ ಚಿಂತೆಯಿಲ್ಲ. ಗಾಯಕ್ಕೆ ಅಂಟಿಕೊಂಡು ರಕ್ತ ನಿಲ್ಲಿಸುವ ಪುಟ್ಟ ಕಣವಾದ ಪ್ಲೇಟ್‌ಲೆಟ್‌ಗೆ ಮಾತ್ರ ಈ ಎರಡೂ ಭಾಗ್ಯವಿಲ್ಲ. ಅದನ್ನು 20ರಿಂದ 24 ಡಿಗ್ರಿಯಲ್ಲಿ, ಹಗಲು ರಾತ್ರಿ ನಿಧಾನವಾಗಿ ಅತ್ತಿತ್ತ ಅಲುಗುವ ತಟ್ಟೆಯ ಮೇಲೆ ಮಲಗಿಸಿರುತ್ತಾರೆ. ಆಯುಷ್ಯ 5 ದಿನ, ಹೆಚ್ಚೆಂದರೆ 7. ರಕ್ತದ ಸೋಂಕು ಪರೀಕ್ಷೆಗಳಿಗೇ ಒಂದೆರಡು ದಿನ ಹಿಡಿಯುವುದರಿಂದ ಆಸ್ಪತ್ರೆಯ ಕೈಗೆ ಬರುವ ಹೊತ್ತಿಗೆ ಉಳಿಯುವುದು ಮೂರು ದಿನವೋ ನಾಲ್ಕು ದಿನವೋ. ಒಂದು ಕಡೆ ಪ್ಲೇಟ್‌ಲೆಟ್ ಸಿಗದೆ ರೋಗಿಯ ಮನೆಯವರು ದಾನಿಗಳಿಗಾಗಿ ಫೋನ್ ಮಾಡುತ್ತಿರುತ್ತಾರೆ, ಇನ್ನೊಂದು ಕಡೆ ಅವಧಿ ಮುಗಿದ ಚೀಲಗಳು ಕಸಕ್ಕೆ ಹೋಗುತ್ತಿರುತ್ತವೆ. ಎರಡಕ್ಕೂ ಬೇರು ಈ ಕಪಾಟಿನಲ್ಲೇ ಇದೆ.

ಈ ವ್ಯವಸ್ಥೆ ಅರ್ಧ ಶತಮಾನದಿಂದ ಹೆಚ್ಚು ಬದಲಾವಣೆಯಿಲ್ಲದೆ ನಡೆದುಬಂದಿದೆ. ಈಗ ಅದನ್ನು ಮತ್ತೆ ಕೆದಕಿ ನೋಡುವ ಕಾಲ ಬಂದಿದೆ. 2023ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಫ್ರಿಜ್‌ನಲ್ಲಿಟ್ಟ ಪ್ಲೇಟ್‌ಲೆಟ್‌ಗಳನ್ನು 14 ದಿನಗಳವರೆಗೆ ಬಳಸಲು ದಾರಿ ಮಾಡಿಕೊಟ್ಟಿತು. ಷರತ್ತು ಎರಡು: ರೋಗಿಗೆ ರಕ್ತಸ್ರಾವ ಆಗುತ್ತಿರಬೇಕು, ಮಾಮೂಲಿ ಪ್ಲೇಟ್‌ಲೆಟ್ ಸಿಗದಂತಿರಬೇಕು ಅಥವಾ ಅದನ್ನು ಇಟ್ಟುಕೊಳ್ಳುವುದು ಕಾರ್ಯಸಾಧ್ಯ ಆಗಿರಬಾರದು. ಈ ಎರಡು ಷರತ್ತುಗಳ ಹಿಂದಿರುವ ತರ್ಕ ಅರ್ಥವಾದರೆ ಪ್ಲೇಟ್‌ಲೆಟ್ ಸಂಗ್ರಹದ ಇಡೀ ಜಟಿಲತೆ ಅರ್ಥವಾದಂತೆ.

ಮೊದಲಿಗೆ ಒಂದು ಮಾತು. ಪ್ಲೇಟ್‌ಲೆಟ್ ಪಡೆಯುವ ರೋಗಿಗಳಲ್ಲಿ ಎರಡು ವರ್ಗ. ಕೀಮೋಥೆರಪಿಯಿಂದಲೋ ರಕ್ತದ ಕ್ಯಾನ್ಸರ್‌ನಿಂದಲೋ ಅಸ್ಥಿಮಜ್ಜೆ ಸೊರಗಿದವರು ಮೊದಲನೆಯ ವರ್ಗ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1,50,000ದಿಂದ 4,50,000 ಪ್ಲೇಟ್‌ಲೆಟ್ ಇರುತ್ತವೆ. ಇವರಲ್ಲಿ ಅದು 10,000ಕ್ಕಿಂತ ಕೆಳಗಿಳಿದಾಗ, ರಕ್ತ ಸುರಿಯದಿದ್ದರೂ, ಮುಂಜಾಗ್ರತೆಗೆಂದು ಕೊಡುತ್ತಾರೆ. ಎರಡನೆಯ ವರ್ಗ ಈಗಲೇ ರಕ್ತ ಸುರಿಯುತ್ತಿರುವವರದು: ಅಪಘಾತ, ಹೃದಯದ ಶಸ್ತ್ರಚಿಕಿತ್ಸೆ, ಹೆರಿಗೆ. ಮೊದಲನೆಯವರಿಗೆ ಬೇಕಾದದ್ದು ರಕ್ತದಲ್ಲಿ ದಿನಗಟ್ಟಲೆ ಸುತ್ತಾಡುವ ಪ್ಲೇಟ್‌ಲೆಟ್. ಎರಡನೆಯವರಿಗೆ ಬೇಕಾದದ್ದು ಈ ಗಂಟೆಯಲ್ಲಿ ಗಾಯಕ್ಕೆ ಅಂಟಿಕೊಳ್ಳುವ ಪ್ಲೇಟ್‌ಲೆಟ್. ನಾಳೆ ಅದು ಬದುಕಿದ್ದರೆಷ್ಟು, ಬಿಟ್ಟರೆಷ್ಟು. ನಾವು ಇಷ್ಟು ವರ್ಷ ಈ ಇಬ್ಬರಿಗೂ ಒಂದೇ ಚೀಲ ಕೊಡುತ್ತಾ ಬಂದಿದ್ದೇವೆ, ಅದೂ ಮೊದಲನೆಯವರ ಅಳತೆಗೆ ಹೊಲಿದದ್ದನ್ನು.

1969ರ ತಿರುವು

1960ರ ದಶಕದಲ್ಲಿ ಪ್ಲೇಟ್‌ಲೆಟ್‌ಗಳನ್ನೂ ಫ್ರಿಜ್‌ನಲ್ಲೇ ಇಡುತ್ತಿದ್ದರು. ರಕ್ತದ ಉಳಿದ ಭಾಗ ಅಲ್ಲಿರುವಾಗ ಇದು ಮಾತ್ರ ಯಾಕೆ ಹೊರಗೆ ಎಂದು ಯಾರಿಗೂ ಅನ್ನಿಸಿರಲಿಲ್ಲ. 1969ರಲ್ಲಿ ಫಿಲಡೆಲ್ಫಿಯಾದ ಸ್ಕಾಟ್ ಮರ್ಫಿ ಮತ್ತು ಫ್ರಾಂಕ್ ಗಾರ್ಡ್ನರ್ ವಿಕಿರಣಶೀಲ ಕ್ರೋಮಿಯಂನಿಂದ ಗುರುತು ಹಾಕಿದ ಪ್ಲೇಟ್‌ಲೆಟ್‌ಗಳನ್ನು ಬೇರೆ ಬೇರೆ ತಾಪಮಾನದಲ್ಲಿಟ್ಟು, ಮರಳಿ ದೇಹಕ್ಕೆ ಸೇರಿಸಿ, ಎಷ್ಟು ಕಾಲ ಉಳಿಯುತ್ತವೆಂದು ಅಳೆದರು. ಕೋಣೆಯ ತಾಪಮಾನದಲ್ಲಿ ಇಟ್ಟವು ಹಲವು ದಿನ ರಕ್ತದಲ್ಲಿ ತಿರುಗಾಡಿದವು. ಫ್ರಿಜ್‌ನಲ್ಲಿ ಇಟ್ಟವು ಒಂದೆರಡು ದಿನದೊಳಗೆ ಮಾಯ. ಫಲಿತಾಂಶ ಅಷ್ಟು ಸ್ಪಷ್ಟವಾಗಿದ್ದರಿಂದ ಮುಂದಿನ ವರ್ಷಗಳಲ್ಲಿ ರಕ್ತನಿಧಿಗಳು ಒಂದೊಂದಾಗಿ ಫ್ರಿಜ್ ಬಿಟ್ಟವು.

ತಣ್ಣಗಾದ ಪ್ಲೇಟ್‌ಲೆಟ್‌ಗೆ ಏನಾಗುತ್ತದೆ ಎನ್ನುವುದು ಬಿಡಿಸಿ ತಿಳಿದದ್ದು ಬಹಳ ತಡವಾಗಿ. ಪ್ಲೇಟ್‌ಲೆಟ್‌ನ ಅಂಚಿನಲ್ಲಿ ಸೂಕ್ಷ್ಮನಾಳಗಳ ಸುರುಳಿಯೊಂದಿದೆ; ಬಿಲ್ಲೆಯ ಆಕಾರವನ್ನು ಹಿಡಿದಿಡುವುದು ಅದೇ. ತಂಪಿಗೆ ಆ ಸುರುಳಿ ಕರಗುತ್ತದೆ. ಒಳಗೆ ಕ್ಯಾಲ್ಸಿಯಂ ಏರುತ್ತದೆ, ಆಕ್ಟಿನ್ ಎಳೆಗಳು ಮರುಜೋಡಣೆಗೊಳ್ಳುತ್ತವೆ, ಬಿಲ್ಲೆ ಹೋಗಿ ಮುಳ್ಳುಮುಳ್ಳಾದ ಉಂಡೆಯಾಗುತ್ತದೆ. ಮೇಲ್ಮೈಯಲ್ಲಿರುವ ಜಿಪಿ-ಒನ್-ಬಿ ಎಂಬ ಗ್ರಾಹಕಗಳು, ಅಂದರೆ ಬೇರೆ ಅಣುಗಳನ್ನು ಹಿಡಿದುಕೊಳ್ಳುವ ಪ್ರೋಟೀನುಗಳು, ಗುಂಪುಗೂಡುತ್ತವೆ. ಯಕೃತ್ತಿನ ಭಕ್ಷಕ ಕೋಶಗಳು ಈ ಗುಂಪನ್ನು ಗುರುತಿಸಿ ಪ್ಲೇಟ್‌ಲೆಟ್ಟನ್ನು ನುಂಗಿಬಿಡುತ್ತವೆ. ಇದು ಕೆಲವೇ ಗಂಟೆ ತಣ್ಣಗಿಟ್ಟಾಗ ಆಗುವ ಕಥೆ. ದಿನಗಟ್ಟಲೆ ಇಟ್ಟರೆ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ. ಗ್ರಾಹಕಗಳ ತುದಿಯಲ್ಲಿರುವ ಸಯಾಲಿಕ್ ಆಮ್ಲ ಉದುರಿ ಕೆಳಗಿನ ಸಕ್ಕರೆ ಅಣುಗಳು ಬಯಲಾಗುತ್ತವೆ, ಯಕೃತ್ತಿನ ಮುಖ್ಯ ಕೋಶಗಳೇ ಆಶ್‌ವೆಲ್–ಮೊರೆಲ್ ಗ್ರಾಹಕದ ಮೂಲಕ ಅವನ್ನು ಎಳೆದುಕೊಳ್ಳುತ್ತವೆ.

2003ರಲ್ಲಿ ಬಾಸ್ಟನ್‌ನ ಕ್ಯಾರಿನ್ ಹಾಫ್‌ಮೈಸ್ಟರ್ ಮತ್ತು ಸಂಗಡಿಗರು ಇದಕ್ಕೆ ಮದ್ದು ಸಿಕ್ಕಿತು ಅನ್ನಿಸುವಂಥ ಕೆಲಸ ಮಾಡಿದರು. ಬಯಲಾದ ಸಕ್ಕರೆಗೆ ಗ್ಯಾಲಕ್ಟೋಸ್ ಮುಚ್ಚಳ ಹಾಕಿದರೆ ಇಲಿಗಳಲ್ಲಿ ತಣ್ಣನೆಯ ಪ್ಲೇಟ್‌ಲೆಟ್‌ಗಳು ಮಾಮೂಲಿನಂತೆ ಉಳಿದವು. ಮನುಷ್ಯರ ಮೇಲೆ, ಎರಡು ದಿನ ತಣ್ಣಗಿಟ್ಟ ಪ್ಲೇಟ್‌ಲೆಟ್‌ಗಳ ವಿಷಯದಲ್ಲಿ, ಅದೇ ತಂತ್ರ ಕೈಕೊಟ್ಟಿತು. ಗಂಟೆಗಳ ತಂಪಿಗೂ ದಿನಗಳ ತಂಪಿಗೂ ದೇಹ ಹಿಡಿಯುವ ದಾರಿ ಬೇರೆ ಎಂಬುದು ಹೊರಬಿದ್ದದ್ದು ಈ ಸೋಲಿನಿಂದಲೇ.

ಉಸಿರಾಡುವ ಚೀಲ

ಬೆಚ್ಚಗಿಟ್ಟ ಪ್ಲೇಟ್‌ಲೆಟ್ ಸುಮ್ಮನೆ ಮಲಗಿರುವುದಿಲ್ಲ. ಗ್ಲೂಕೋಸ್ ತಿನ್ನುತ್ತದೆ, ಆಮ್ಲಜನಕ ಎಳೆದುಕೊಳ್ಳುತ್ತದೆ, ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆಮ್ಲಜನಕ ಸಾಲದಿದ್ದರೆ ಲ್ಯಾಕ್ಟಿಕ್ ಆಮ್ಲ ತಯಾರಾಗಿ ಚೀಲ ಹುಳಿಯಾಗುತ್ತದೆ. ಪಿಎಚ್ 6.2ಕ್ಕಿಂತ ಕೆಳಗಿಳಿದರೆ ಆ ಪ್ಲೇಟ್‌ಲೆಟ್‌ಗಳು ದೇಹಕ್ಕೆ ಹೋದರೂ ಬದುಕುವುದಿಲ್ಲ. ಹಾಗಾಗಿ ಇಲ್ಲಿ ಪ್ಲಾಸ್ಟಿಕ್ಕೂ ಔಷಧದಷ್ಟೇ ಮುಖ್ಯ. ಆರಂಭದ ಚೀಲಗಳ ಗೋಡೆಯಲ್ಲಿ ಗಾಳಿ ಸರಿಯಾಗಿ ಆಡುತ್ತಿರಲಿಲ್ಲ, ಮೂರು ದಿನಕ್ಕೆ ಮುಗಿಯುತ್ತಿತ್ತು. 1980ರ ದಶಕದಲ್ಲಿ ಅನಿಲ ಹಾಯಬಲ್ಲ ಹೊಸ ಪ್ಲಾಸ್ಟಿಕ್ ಬಂದ ಮೇಲೆ ಐದು ದಿನ, ಬಳಿಕ ಏಳು ದಿನದವರೆಗೂ ಇಡುವುದು ಸಾಧ್ಯವಾಯಿತು. ಅಲುಗಾಡಿಸುವುದೂ ಇದಕ್ಕೇ: ದ್ರವ ಕದಲಿದರೆ ಗೋಡೆಯ ಬಳಿಯ ಆಮ್ಲಜನಕ ಒಳಗಿನವರೆಗೂ ತಲುಪುತ್ತದೆ. ಸಾಗಣೆಯ ಹೊತ್ತಿನಲ್ಲಿ ಒಟ್ಟು 24 ಗಂಟೆಯವರೆಗೆ ಅಲುಗಾಟ ನಿಂತರೆ ಸಹಿಸಬಹುದು, ಅದಕ್ಕಿಂತ ಹೆಚ್ಚಾದರೆ ಗುಣಮಟ್ಟ ಕುಸಿಯುತ್ತದೆ.

ಚೀಲದ ಆರೋಗ್ಯ ನೋಡಲು ತಂತ್ರಜ್ಞರು ಬಳಸುವ ಒಂದು ಪರೀಕ್ಷೆಗೆ ಯಂತ್ರವೇ ಬೇಡ. ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸುತ್ತಾರೆ. ಪ್ಲೇಟ್‌ಲೆಟ್‌ಗಳು ಬಿಲ್ಲೆಯಾಕಾರದಲ್ಲೇ ಇದ್ದರೆ, ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಹಾಗೆ, ದ್ರವದೊಳಗೆ ಮಿನುಗುವ ಸುಳಿಗಳು ಕಾಣುತ್ತವೆ. ಚಪ್ಪಟೆ ಬಿಲ್ಲೆಗಳು ಹರಿವಿನ ಜೊತೆ ಒಂದೇ ದಿಕ್ಕಿಗೆ ಹೊರಳಿ ಬೆಳಕನ್ನು ಚದುರಿಸುವುದರಿಂದ ಹೀಗಾಗುತ್ತದೆ. ಉಂಡೆಯಾದ ಪ್ಲೇಟ್‌ಲೆಟ್‌ಗೆ ದಿಕ್ಕಿಲ್ಲ, ಮಿನುಗೂ ಇಲ್ಲ; ಚೀಲ ಮಂಕಾಗಿ, ಒಂದೇ ಸಮನೆ ಮಬ್ಬಾಗಿ ಕಾಣುತ್ತದೆ. ಈ ಸುಳಿ ಕಾಣದ ಚೀಲವನ್ನು ರೋಗಿಗೆ ಏರಿಸದೆ ಬದಿಗಿಡುತ್ತಾರೆ. ಫ್ರಿಜ್‌ನಲ್ಲಿಟ್ಟ ಪ್ಲೇಟ್‌ಲೆಟ್‌ಗೆ ಮಾತ್ರ ಈ ಪರೀಕ್ಷೆ ಅನ್ವಯಿಸದು, ಅಲ್ಲಿ ಬಿಲ್ಲೆ ಮೊದಲೇ ಹೋಗಿರುತ್ತದೆ.

ಒಳ್ಳೆಯ ಚೀಲದಲ್ಲಿಟ್ಟು ಎಷ್ಟೇ ಜೋಪಾನ ಮಾಡಿದರೂ ದಿನ ಕಳೆದಂತೆ ಸವೆತ ಇದ್ದೇ ಇದೆ. ಕೆಲವು ಪ್ಲೇಟ್‌ಲೆಟ್‌ಗಳು ತಾವಾಗಿಯೇ ಕೆರಳಿ ತಮ್ಮ ಕಣಿಕೆಗಳನ್ನು ಹೊರಚೆಲ್ಲುತ್ತವೆ, ಕೆರಳಿದ್ದರ ಗುರುತಾದ ಪಿ-ಸೆಲೆಕ್ಟಿನ್ ಎಂಬ ಪ್ರೋಟೀನು ಮೇಲ್ಮೈಗೆ ಬರುತ್ತದೆ. ಚೀಲದಲ್ಲಿ ಬಿಳಿ ರಕ್ತಕಣಗಳು ಉಳಿದಿದ್ದರೆ ಅವು ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತಾ ಹೋಗುತ್ತವೆ. ಪ್ಲೇಟ್‌ಲೆಟ್ ಏರಿಸಿದಾಗ ಬರುವ ಚಳಿಜ್ವರಕ್ಕೆ ರೋಗಿಯ ದೇಹದಲ್ಲಿರುವ ಪ್ರತಿಕಾಯಗಳೇ ಕಾರಣ ಎಂದು ಬಹುಕಾಲ ನಂಬಲಾಗಿತ್ತು. 1994ರಲ್ಲಿ ಕೆನಡಾದ ಸಂಶೋಧಕರು ಚೀಲದ ಪ್ಲಾಸ್ಮಾವನ್ನೂ ಕೋಶಗಳನ್ನೂ ಬೇರ್ಪಡಿಸಿ ಒಂದಾದ ಮೇಲೊಂದು ಕೊಟ್ಟು ನೋಡಿದರು. ಜ್ವರ ಹೆಚ್ಚಾಗಿ ಬಂದದ್ದು ಪ್ಲಾಸ್ಮಾದಿಂದ. ಸಮಸ್ಯೆ ರೋಗಿಯಲ್ಲಿ ಹುಟ್ಟುವ ಮೊದಲೇ ಕಪಾಟಿನಲ್ಲಿ ಹುಟ್ಟಿರುತ್ತಿತ್ತು. ಹಾಗಾಗಿ ಬಿಳಿಕಣಗಳನ್ನು ಏರಿಸುವ ಹೊತ್ತಿನಲ್ಲಿ ಸೋಸುವುದಕ್ಕಿಂತ, ಸಂಗ್ರಹಕ್ಕೆ ಮೊದಲೇ ಸೋಸಿ ತೆಗೆಯುವುದು ಹೆಚ್ಚು ಅರ್ಥಪೂರ್ಣ. ಇದರಿಂದ ಇನ್ನೊಂದು ಲಾಭವೂ ಉಂಟು. 1997ರಲ್ಲಿ ಪ್ರಕಟವಾದ ಟ್ರ್ಯಾಪ್ ಪ್ರಯೋಗದಲ್ಲಿ ಸೋಸದ ಪ್ಲೇಟ್‌ಲೆಟ್ ಪಡೆದವರ ಪೈಕಿ ಶೇ 45ರಷ್ಟು ಜನರಲ್ಲಿ ದಾನಿಯ ಕೋಶಗಳ ವಿರುದ್ಧ ಪ್ರತಿಕಾಯ ಬೆಳೆದರೆ, ಬಿಳಿಕಣ ಸೋಸಿದ ಅಥವಾ ನೇರಳಾತೀತ ಕಿರಣ ಹಾಯಿಸಿದ ಗುಂಪುಗಳಲ್ಲಿ ಅದು ಶೇ 17ರಿಂದ 21ರಷ್ಟಿತ್ತು. ಇಂಥ ಪ್ರತಿಕಾಯ ಬೆಳೆದವರಿಗೆ ಮುಂದೆ ಎಷ್ಟು ಪ್ಲೇಟ್‌ಲೆಟ್ ಏರಿಸಿದರೂ ಕೌಂಟ್ ಮೇಲೇಳದು.

ಪ್ಲಾಸ್ಮಾದ ಸುಮಾರು ಮೂರನೇ ಎರಡು ಭಾಗ ತೆಗೆದು ಅಸಿಟೇಟ್, ಫಾಸ್ಫೇಟ್‌ ಮುಂತಾದವುಗಳ ಕೃತಕ ದ್ರಾವಣ ತುಂಬುವ ಪದ್ಧತಿಯೂ ಇದೆ. ಅಲರ್ಜಿಗಳು ಕಡಿಮೆಯಾಗುತ್ತವೆ, ಕೌಂಟ್ ಏರಿಕೆ ತುಸು ತಗ್ಗುತ್ತದೆ.

ಹತ್ತು ಬ್ಯಾಕ್ಟೀರಿಯಾಗಳ ಗಣಿತ

ಬೆಚ್ಚನೆಯ ಕಪಾಟಿನ ನಿಜವಾದ ಬೆಲೆ ಬ್ಯಾಕ್ಟೀರಿಯಾ. 22 ಡಿಗ್ರಿ, ಆಮ್ಲಜನಕ, ಗ್ಲೂಕೋಸ್, ಪ್ರೋಟೀನು, ಸಾಲದ್ದಕ್ಕೆ ಅಲುಗಾಟ. ಬ್ಯಾಕ್ಟೀರಿಯಾ ಬೆಳೆಸಬೇಕೆಂದೇ ಪ್ರಯೋಗಾಲಯದಲ್ಲಿ ವ್ಯವಸ್ಥೆ ಮಾಡಿದ್ದರೂ ಇದಕ್ಕಿಂತ ಬಹಳ ಭಿನ್ನವಾಗಿರುತ್ತಿರಲಿಲ್ಲ. ಸೂಜಿ ಚುಚ್ಚುವ ಜಾಗದ ಚರ್ಮದಿಂದ ಬರುವ ಸ್ಟ್ಯಾಫಿಲೋಕಾಕಸ್‌ಗಳು ಮುಖ್ಯ ಅತಿಥಿಗಳು. ಅಪರೂಪಕ್ಕೆ, ಆರೋಗ್ಯವಂತನಂತೆ ಕಾಣುವ ದಾನಿಯ ರಕ್ತದಲ್ಲೇ ಇದ್ದ ಬ್ಯಾಕ್ಟೀರಿಯಾವೂ ಬರುತ್ತದೆ. ಸುಮಾರು 1,000ದಿಂದ 3,000 ಚೀಲಗಳಿಗೆ ಒಂದರಲ್ಲಿ ಬ್ಯಾಕ್ಟೀರಿಯಾ ಇರುತ್ತದೆಂಬುದು ಬಹುಕಾಲ ಉಲ್ಲೇಖವಾಗುತ್ತಿದ್ದ ಅಂದಾಜು. ಅಮೆರಿಕದಲ್ಲಿ 7 ದಿನಕ್ಕೆ ಏರಿಸಿದ್ದ ಅವಧಿಯನ್ನು 1986ರಲ್ಲಿ ಮತ್ತೆ 5ಕ್ಕೆ ಇಳಿಸಿದ್ದು ಈ ಭಯದಿಂದಲೇ. ಪ್ಲೇಟ್‌ಲೆಟ್ ಆಗ ಏಳು ದಿನ ಬಾಳುತ್ತಿತ್ತು. ಅದರ ಜೊತೆಗೆ ಬ್ಯಾಕ್ಟೀರಿಯಾವೂ ಬಾಳುತ್ತಿತ್ತು. ಜರ್ಮನಿ 2008ರಲ್ಲಿ ಇನ್ನೂ ಬಿಗಿ ಮಾಡಿ 4 ದಿನಕ್ಕೆ ನಿಲ್ಲಿಸಿತು.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕು, ಇಲ್ಲದಿದ್ದರೆ ಪರೀಕ್ಷೆ ಮಾಡಿದ ಚೀಲದಲ್ಲೂ ಸೋಂಕು ಹೇಗೆ ಉಳಿಯುತ್ತದೆ ಎಂಬುದು ಒಗಟಾಗಿಯೇ ಉಳಿಯುತ್ತದೆ. 300 ಮಿಲಿಲೀಟರ್ ಚೀಲದಲ್ಲಿ ಹತ್ತೇ ಹತ್ತು ಬ್ಯಾಕ್ಟೀರಿಯಾ ಸೇರಿಕೊಂಡಿವೆ ಎಂದುಕೊಳ್ಳಿ. ರಕ್ತ ತೆಗೆದ ಕೂಡಲೇ ಪರೀಕ್ಷೆಗೆಂದು 8 ಮಿಲಿಲೀಟರ್ ತೆಗೆದರೆ ಆ ಮಾದರಿಯಲ್ಲಿ ಒಂದಾದರೂ ಬ್ಯಾಕ್ಟೀರಿಯಾ ಸಿಗುವ ಸಂಭವ ಶೇ 24ರಷ್ಟು ಮಾತ್ರ. ನಾಲ್ಕರಲ್ಲಿ ಮೂರು ಸಲ ಪರೀಕ್ಷೆ ‘ಏನೂ ಇಲ್ಲ’ ಎನ್ನುತ್ತದೆ, ಅದೂ ಪ್ರಾಮಾಣಿಕವಾಗಿಯೇ. ಮಾದರಿಯನ್ನು 16 ಮಿಲಿಲೀಟರ್‌ಗೆ ಏರಿಸಿದರೆ ಸಂಭವ ಶೇ 42. ಈಗ ಕಾಯ್ದು ನೋಡೋಣ. ಆ ಹತ್ತು ಬ್ಯಾಕ್ಟೀರಿಯಾ ಐದು ಸಲ ಇಮ್ಮಡಿಯಾದರೆ 320. ಅದೇ 8 ಮಿಲಿಲೀಟರ್ ಮಾದರಿಯಲ್ಲಿ ಸಿಗುವ ಸಂಭವ ಈಗ ಶೇ 99.9ಕ್ಕೂ ಹೆಚ್ಚು. ಎರಡು ಗಂಟೆಗೊಮ್ಮೆ ಇಮ್ಮಡಿಯಾಗುವ ತಳಿಯಾಗಿದ್ದರೆ, ಬೆಳವಣಿಗೆ ಶುರುವಾದ 48 ಗಂಟೆಯಲ್ಲಿ ಆ ಹತ್ತು 16 ಕೋಟಿ ದಾಟಿರುತ್ತದೆ.

ಪರೀಕ್ಷೆ ಎಷ್ಟು ಸೂಕ್ಷ್ಮ ಎನ್ನುವುದಕ್ಕಿಂತ ಯಾವಾಗ, ಎಷ್ಟು ಪ್ರಮಾಣದಲ್ಲಿ ಮಾದರಿ ತೆಗೆದಿರಿ ಎನ್ನುವುದೇ ಫಲಿತಾಂಶವನ್ನು ನಿರ್ಧರಿಸುತ್ತದೆ. ಬ್ರಿಟನ್ನಿನ ರಕ್ತಸೇವೆ 2011ರಿಂದ ತಡವಾಗಿ, ಹೆಚ್ಚು ಪ್ರಮಾಣದ ಮಾದರಿ ತೆಗೆಯುವ ಪದ್ಧತಿಗೆ ಹೋಗಿ, ಅದರ ಬಲದ ಮೇಲೆಯೇ ಅವಧಿಯನ್ನು 7 ದಿನಕ್ಕೆ ಏರಿಸಿತು. ಅಮೆರಿಕದ ಎಫ್‌ಡಿಎ 2019ರ ಮಾರ್ಗಸೂಚಿಯಲ್ಲಿ ಇದನ್ನೂ ಒಂದು ದಾರಿಯಾಗಿ ಸೇರಿಸಿತು: 36 ಗಂಟೆ ಕಾಯ್ದು ಮಾದರಿ ತೆಗೆದರೆ 5 ದಿನ, 48 ಗಂಟೆ ಕಾಯ್ದರೆ 7 ದಿನ. ಕಾಯುವುದರಿಂದ ಚೀಲ ಆಸ್ಪತ್ರೆಗೆ ತಲುಪುವುದು ತಡವಾಗುತ್ತದೆ ನಿಜ. ಕೊನೆಯಲ್ಲಿ ಎರಡು ದಿನ ಸೇರುವುದರಿಂದ ಒಟ್ಟು ಲೆಕ್ಕದಲ್ಲಿ ನಷ್ಟವಿಲ್ಲ. ನಿಧಾನವಾಗಿ ಬೆಳೆಯುವ ತಳಿಗಳು ಇದನ್ನೂ ತಪ್ಪಿಸಿಕೊಳ್ಳಬಹುದು ಎಂಬುದನ್ನು ಮರೆಯಬಾರದು. ದಾನಿಯಿಂದ ಬರುವ ಮೊದಲ ಕೆಲವು ಮಿಲಿಲೀಟರ್ ರಕ್ತವನ್ನು ಬೇರೆ ಪುಟ್ಟ ಚೀಲಕ್ಕೆ ತಿರುಗಿಸುವ ಅಗ್ಗದ ಉಪಾಯವೊಂದಿದೆ. ಸೂಜಿ ಕತ್ತರಿಸಿ ತಂದ ಚರ್ಮದ ಚೂರು, ಅದರ ಬ್ಯಾಕ್ಟೀರಿಯಾ ಎಲ್ಲ ಅಲ್ಲೇ ಉಳಿಯುತ್ತವೆ. ಖರ್ಚಿಗೆ ಹೋಲಿಸಿದರೆ ಇಷ್ಟು ಫಲ ಕೊಡುವ ಕ್ರಮ ಈ ಕ್ಷೇತ್ರದಲ್ಲಿ ಬೇರೊಂದಿಲ್ಲ ಎಂದು ನನ್ನ ಅಭಿಪ್ರಾಯ.

ಇನ್ನೊಂದು ಬಗೆ, ಹುಡುಕುವ ಗೋಜಿಗೇ ಹೋಗದೆ ಕೊಂದುಬಿಡುವುದು. ಅಮೊಟೊಸಲೆನ್ ಎಂಬ ವಸ್ತು ಬೆರೆಸಿ ನೇರಳಾತೀತ-ಎ ಕಿರಣ ಹಾಯಿಸಿದರೆ ಡಿಎನ್‌ಎ, ಆರ್‌ಎನ್‌ಎ ಎಳೆಗಳು ಒಂದಕ್ಕೊಂದು ಬೆಸೆದುಕೊಂಡು ಬ್ಯಾಕ್ಟೀರಿಯಾ, ವೈರಸ್, ಉಳಿದ ಬಿಳಿಕಣ ಯಾವುದೂ ಬೆಳೆಯಲಾರದು. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲದ್ದರಿಂದ ಅದು ಬಚಾವಾಗುತ್ತದೆ. ಅಮೆರಿಕದಲ್ಲಿ 2014ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು, ಯುರೋಪಿನಲ್ಲಿ ಅದಕ್ಕೂ ಮುಂಚಿನಿಂದ ಬಳಕೆಯಲ್ಲಿದೆ. ರೈಬೋಫ್ಲಾವಿನ್ ಬಳಸುವ ವಿಧಾನವೂ ಇದೆ. ಬೀಜಕ ರೂಪದ ಬ್ಯಾಕ್ಟೀರಿಯಾಗಳು, ಹೆಪಟೈಟಿಸ್ ಎ ತರಹದ ಹೊರಕವಚವಿಲ್ಲದ ವೈರಸ್‌ಗಳು ಈ ಚಿಕಿತ್ಸೆಗೆ ಬಗ್ಗುವುದಿಲ್ಲ. ಪ್ಲೇಟ್‌ಲೆಟ್‌ಗಳಿಗೂ ಸ್ವಲ್ಪ ಏಟು ಬೀಳುತ್ತದೆ. ಹೀಗೆ ಸಂಸ್ಕರಿಸಿದ ಚೀಲ ಪಡೆದವರಲ್ಲಿ ಕೌಂಟ್ ಕಡಿಮೆ ಏರುತ್ತದೆ, ಮುಂದಿನ ಚೀಲ ಬೇಗ ಬೇಕಾಗುತ್ತದೆ. ಗಂಭೀರ ರಕ್ತಸ್ರಾವ ಮಾತ್ರ ಹೆಚ್ಚಾಗಿಲ್ಲ ಎಂದು ಪ್ರಯೋಗಗಳ ಒಟ್ಟು ಫಲಿತಾಂಶ ಹೇಳುತ್ತದೆ. ಕೊಂದ ಮೇಲೆಯೂ ಅಪಾಯ ತೀರಿತು ಎನ್ನುವಂತಿಲ್ಲ. 2018ರಲ್ಲಿ ಅಮೆರಿಕದ ಬೇರೆ ಬೇರೆ ರಾಜ್ಯಗಳಲ್ಲಿ ಪ್ಲೇಟ್‌ಲೆಟ್‌ನಿಂದ ಅಸಿನೆಟೋಬ್ಯಾಕ್ಟರ್ ಸೋಂಕು ತಗುಲಿದಾಗ, ಹೀಗೆ ಸಂಸ್ಕರಿಸಿದ ಚೀಲವೂ ಆ ಪಟ್ಟಿಯಲ್ಲಿತ್ತು.

ಕೌಂಟ್ ಏರಿದರೆ ಸಾಕೇ?

ಇಲ್ಲಿಯವರೆಗೆ ‘ಕೌಂಟ್ ಏರಿಕೆ’ ಎಂಬ ಮಾತು ಹಲವು ಸಲ ಬಂತು. ಅದೇ ಎಲ್ಲದರ ಅಳತೆಗೋಲು. ವೈದ್ಯರು ಏರಿಕೆಯನ್ನು ರೋಗಿಯ ದೇಹದ ಮೇಲ್ಮೈ ವಿಸ್ತೀರ್ಣದಿಂದ ಗುಣಿಸಿ, ಕೊಟ್ಟ ಪ್ಲೇಟ್‌ಲೆಟ್ ಸಂಖ್ಯೆಯಿಂದ (10,000 ಕೋಟಿಯನ್ನು ಒಂದು ಎಂದು ಎಣಿಸಿ) ಭಾಗಿಸಿ ಸರಿದೂಗಿಸಿದ ಅಂಕಿಯೊಂದನ್ನು ತೆಗೆಯುತ್ತಾರೆ. 1.6 ಚದರ ಮೀಟರ್ ಮೇಲ್ಮೈಯ ರೋಗಿಗೆ 30,000 ಕೋಟಿ ಪ್ಲೇಟ್‌ಲೆಟ್ ಇರುವ ಒಂದು ಚೀಲ ಕೊಟ್ಟು, ಕೌಂಟ್ 8,000ದಿಂದ 30,000ಕ್ಕೆ ಏರಿದರೆ ಆ ಅಂಕಿ ಸುಮಾರು 11,700. ಒಂದು ಗಂಟೆಯೊಳಗೆ ನೋಡಿದಾಗ ಅದು 7,500 ದಾಟಿದರೆ ಏರಿಕೆ ಸರಿಯಾಗಿದೆ ಎಂದು ಲೆಕ್ಕ. ಗಂಟೆಯೊಳಗೇ ಬಿದ್ದುಹೋದರೆ ಪ್ರತಿಕಾಯಗಳ ಮೇಲೆ ಅನುಮಾನ. ಮರುದಿನ ಬಿದ್ದರೆ ಜ್ವರ, ಸೋಂಕು, ದೊಡ್ಡದಾದ ಗುಲ್ಮ ಇತ್ಯಾದಿ.

ಲೆಕ್ಕ ಚೆನ್ನಾಗಿದೆ. ಆದರೆ ರೋಗಿ ಬಂದದ್ದು ರಕ್ತಸ್ರಾವ ನಿಲ್ಲಲೆಂದು, ಅಂಕಿ ಏರಲೆಂದಲ್ಲವಲ್ಲ. 2010ರಲ್ಲಿ ಪ್ರಕಟವಾದ ಪ್ಲಾಡೋ ಪ್ರಯೋಗದಲ್ಲಿ 1,272 ರೋಗಿಗಳನ್ನು ಮೂರು ಗುಂಪು ಮಾಡಿ ಕಡಿಮೆ, ಮಧ್ಯಮ, ಹೆಚ್ಚು ಪ್ರಮಾಣದ ಪ್ಲೇಟ್‌ಲೆಟ್ ಕೊಟ್ಟರು. ಹೆಚ್ಚಿನ ಪ್ರಮಾಣ ಕಡಿಮೆಯದರ ನಾಲ್ಕು ಪಟ್ಟು. ಗಮನಾರ್ಹ ರಕ್ತಸ್ರಾವ ಕಂಡವರು ಕ್ರಮವಾಗಿ ಶೇ 71, 69, 70. ಅದೇ ಪ್ರಯೋಗದ ಮಾಹಿತಿಯನ್ನು ಮತ್ತೆ ಜಾಲಾಡಿದಾಗ, ಎಷ್ಟು ದಿನ ಇಟ್ಟ ಚೀಲ, ಯಾವ ಬಗೆಯಲ್ಲಿ ತೆಗೆದದ್ದು ಎಂಬುದು ಕೌಂಟ್ ಏರಿಕೆಯನ್ನು ಬದಲಿಸಿತೇ ಹೊರತು ರಕ್ತಸ್ರಾವವನ್ನು ಬದಲಿಸಲಿಲ್ಲ. ಹಾಗೆಂದು ಪ್ಲೇಟ್‌ಲೆಟ್ಟೇ ಬೇಡ ಎಂದು ಹೊರಡುವಂತಿಲ್ಲ. ರಕ್ತದ ಕ್ಯಾನ್ಸರ್ ರೋಗಿಗಳಿಗೆ ಮುಂಜಾಗ್ರತೆಯ ಪ್ಲೇಟ್‌ಲೆಟ್ ನಿಲ್ಲಿಸಿದ ಪ್ರಯೋಗದಲ್ಲಿ ರಕ್ತಸ್ರಾವ ಹೆಚ್ಚಾಯಿತು. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದು ಎಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮೇಲಿನ 2019ರ ಪ್ರಯೋಗದಲ್ಲಿ ಕೌಂಟ್ 50,000ಕ್ಕಿಂತ ಇಳಿದಾಗಲೇ ಪ್ಲೇಟ್‌ಲೆಟ್ ಕೊಟ್ಟ ಗುಂಪಿನಲ್ಲಿ ಸಾವು ಅಥವಾ ದೊಡ್ಡ ರಕ್ತಸ್ರಾವ ಶೇ 26 ಇತ್ತು. 25,000ದವರೆಗೆ ಕಾಯ್ದ ಗುಂಪಿನಲ್ಲಿ ಶೇ 19. ಡೆಂಗಿಯಲ್ಲೂ ಅಷ್ಟೆ. ರಕ್ತಸ್ರಾವವಿಲ್ಲದೆ ಬರೀ ಕೌಂಟ್ ನೋಡಿ ಏರಿಸಿದವರಿಗೆ ಲಾಭ ಕಾಣಲಿಲ್ಲ, ಅಡ್ಡಪರಿಣಾಮ ಕಂಡಿತು. ವರದಿಯ ಕಾಗದದಲ್ಲಿ ಒಂದು ಅಂಕಿ ಕಂಡ ಕೂಡಲೇ ಗಾಬರಿಯಾಗಿ ಚೀಲಕ್ಕೆ ಓಡುವ ಅಭ್ಯಾಸ ಇಷ್ಟೆಲ್ಲದರ ನಂತರವೂ ಹೋಗಿಲ್ಲ.

ಇದು ಸಂಗ್ರಹಕ್ಕೆ ಸಂಬಂಧಪಡದ ಅಡ್ಡಮಾತಿನಂತೆ ತೋರಬಹುದು. ಆದರೆ 1969ರಲ್ಲಿ ಫ್ರಿಜ್ಜನ್ನು ಹೊರಗಿಟ್ಟ ತೀರ್ಪು ನಿಂತಿದ್ದದ್ದು ಈ ಅಳತೆಗೋಲಿನ ಮೇಲೆಯೇ: ಎಷ್ಟು ಪ್ಲೇಟ್‌ಲೆಟ್ ಎಷ್ಟು ದಿನ ರಕ್ತದಲ್ಲಿ ಉಳಿದವು ಎಂಬುದು. ಅವು ಅಲ್ಲಿ ಏನು ಮಾಡಿದವು ಎಂಬ ಪ್ರಶ್ನೆ ಆಗಲೂ ಇತ್ತು. 1970ರ ದಶಕದ ಕೆಲವು ಸಣ್ಣ ಅಧ್ಯಯನಗಳಲ್ಲಿ ತಣ್ಣನೆಯ ಪ್ಲೇಟ್‌ಲೆಟ್‌ಗಳು ರಕ್ತ ನಿಲ್ಲುವ ಸಮಯವನ್ನು ಬೆಚ್ಚನೆಯವಕ್ಕಿಂತ ಚೆನ್ನಾಗಿ ಸರಿಪಡಿಸಿದ್ದವು. ರಕ್ತನಿಧಿಗಳು ಅಷ್ಟರಲ್ಲಿ ಅಲುಗುವ ತಟ್ಟೆ ಕೊಂಡಾಗಿತ್ತು.

ಮತ್ತೆ ಫ್ರಿಜ್‌ನತ್ತ

ತಣ್ಣನೆಯ ಪ್ಲೇಟ್‌ಲೆಟ್ ಅರ್ಧ ಕೆರಳಿದ ಸ್ಥಿತಿಯಲ್ಲೇ ಇರುತ್ತದೆ. ಯಕೃತ್ತು ಅದನ್ನು ಬೇಗ ಹಿಡಿಯಲು ಕಾರಣವಾದ ಆ ಬದಲಾವಣೆಯೇ ಗಾಯದ ಬಳಿ ಅದು ಬೇಗ ಅಂಟಿಕೊಳ್ಳಲೂ ಕಾರಣ. ತಂಪಿನಲ್ಲಿ ಅದು ಕಡಿಮೆ ಗ್ಲೂಕೋಸ್ ಖರ್ಚು ಮಾಡುತ್ತದೆ, ಲ್ಯಾಕ್ಟಿಕ್ ಆಮ್ಲ ನಿಧಾನವಾಗಿ ಕೂಡುತ್ತದೆ, ಅಲುಗಾಡಿಸುವ ಅಗತ್ಯವಿಲ್ಲ. ಚರ್ಮದ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಬೆಳೆಯುವುದನ್ನೇ ನಿಲ್ಲಿಸುತ್ತವೆ. ಯರ್ಸಿನಿಯಾದಂಥ ಒಂದೆರಡು ತಂಪುಪ್ರಿಯ ತಳಿಗಳನ್ನು ಬಿಟ್ಟರೆ, ಮೇಲೆ ಹಾಕಿದ ಹತ್ತರ ಲೆಕ್ಕ ಹತ್ತರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಅಮೆರಿಕದ ಸೇನೆ ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡಿತು. ಯುದ್ಧಭೂಮಿಯ ಬಳಿ ಐದು ದಿನದ ಚೀಲವನ್ನು ಅಲುಗುವ ತಟ್ಟೆಯ ಮೇಲೆ ಕಾಪಾಡುವುದು ಆಗದ ಮಾತು, ಅಲ್ಲಿನ ರೋಗಿಗಳೆಲ್ಲ ಎರಡನೆಯ ವರ್ಗದವರು. ಎಫ್‌ಡಿಎ 2015ರಲ್ಲಿ 3 ದಿನದ ಮಟ್ಟಿಗೆ ಒಪ್ಪಿತು, ಮುಂದೆ ಅದು 14 ದಿನಕ್ಕೆ ಬೆಳೆಯಿತು. ನಾರ್ವೆಯ ಬರ್ಗನ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ತಣ್ಣನೆಯ ಪ್ಲೇಟ್‌ಲೆಟ್ ಕೊಟ್ಟು ನೋಡಿ 2020ರಲ್ಲಿ ವರದಿ ಮಾಡಿದರು. ರಕ್ತಸ್ರಾವ ಬೆಚ್ಚನೆಯದಕ್ಕೆ ಹೋಲುವಂತಿತ್ತು, ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ತೊಂದರೆ ಹೆಚ್ಚಾದಂತೆ ಕಾಣಲಿಲ್ಲ. ರೋಗಿಗಳ ಸಂಖ್ಯೆ ಚಿಕ್ಕದು. ಇಷ್ಟರಿಂದ ‘ತಣ್ಣನೆಯದು ಮೇಲು’ ಎಂದು ಹೇಳಲಾಗದು, ‘ತೀರಾ ಕೆಳಗಿಲ್ಲ’ ಎಂದು ಹೇಳಬಹುದು. ಕೆರಳಿದ ಪ್ಲೇಟ್‌ಲೆಟ್ ಬೇಡದ ಜಾಗದಲ್ಲಿ ಹೆಪ್ಪು ಕಟ್ಟೀತೆಂಬ ಆತಂಕ ದೊಡ್ಡ ಪ್ರಯೋಗಗಳಿಂದ ಮಾತ್ರ ತೀರಬಲ್ಲದು. ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಎಷ್ಟು ದಿನದವರೆಗೆ ತಣ್ಣಗಿಟ್ಟರೆ ಪರಿಣಾಮ ಕುಂದುವುದಿಲ್ಲ ಎಂಬುದನ್ನು ಅಳೆಯಲೆಂದೇ ಚಿಪ್ಸ್ ಹೆಸರಿನ ಪ್ರಯೋಗವನ್ನು ರೂಪಿಸಲಾಗಿದೆ. ಇನ್ನೊಂದು ಕಿರಿಕಿರಿ ಏನೆಂದರೆ, ಪ್ಲಾಸ್ಮಾದಲ್ಲಿ ತಣ್ಣಗಿಟ್ಟ ಪ್ಲೇಟ್‌ಲೆಟ್‌ಗಳು ಚೀಲದೊಳಗೇ ಗಂಟುಗಟ್ಟಿ ಆ ಚೀಲ ವ್ಯರ್ಥವಾಗುವುದುಂಟು. ಕೃತಕ ದ್ರಾವಣದಲ್ಲಿಟ್ಟರೆ ಇದು ಕಡಿಮೆ.

ಕೀಮೋಥೆರಪಿ ರೋಗಿಗೆ ಇದೇ ಚೀಲ ಕೊಟ್ಟರೆ? ಒಂದೆರಡು ದಿನಕ್ಕೆ ಕೌಂಟ್ ಮೊದಲಿದ್ದಲ್ಲಿಗೆ ಬರುತ್ತದೆ, ಇನ್ನೊಂದು ಚೀಲ, ಇನ್ನೊಬ್ಬ ದಾನಿ, ಪ್ರತಿಕಾಯ ಬೆಳೆಯಲು ಇನ್ನೊಂದು ಅವಕಾಶ. ಹಾಗಾಗಿ ಎಫ್‌ಡಿಎ ಹಾಕಿದ ರಕ್ತಸ್ರಾವದ ಷರತ್ತು ಸರಿಯಾದದ್ದೇ. ಎರಡನೆಯ ಷರತ್ತಿನ, ಅಂದರೆ ಮಾಮೂಲಿಯದು ಸಿಗದಿದ್ದಾಗ ಮಾತ್ರ ಎಂಬುದರ, ಬಗ್ಗೆ ನನಗೆ ಅಷ್ಟು ಖಾತ್ರಿಯಿಲ್ಲ. ರಕ್ತ ಸುರಿಯುತ್ತಿರುವವನಿಗೆ ತಣ್ಣನೆಯದು ಸಮನಾದರೂ ಸಾಕು, ಬ್ಯಾಕ್ಟೀರಿಯಾದ ಲೆಕ್ಕದಲ್ಲಿ ಅದು ಆಗಲೇ ಮುಂದಿದೆ. ಎಚ್ಚರಿಕೆ ಬೇಕು, ಆ ಎಚ್ಚರಿಕೆ ಪ್ರಯೋಗದ ಫಲ ಬರುವವರೆಗಿನದಾಗಿರಲಿ, ಕಾಯಂ ಆಗದಿರಲಿ.

ಇನ್ನೂ ಕೆಳಗೆ ಇಳಿದರೆ ಮೈನಸ್ 80 ಡಿಗ್ರಿಯ ಸಂಗ್ರಹವಿದೆ. ಡೈಮಿಥೈಲ್ ಸಲ್ಫಾಕ್ಸೈಡ್ ಬೆರೆಸಿ ಶೀತಲೀಕರಿಸಿದ ಪ್ಲೇಟ್‌ಲೆಟ್ ಎರಡು ವರ್ಷ ಉಳಿಯುತ್ತದೆ. ನೆದರ್ಲೆಂಡ್ಸ್‌ನ ಸೇನೆ 2001ರಿಂದ ಇದನ್ನು ಬಳಸುತ್ತಿದೆ. ಕರಗಿಸಿ ಪ್ಲಾಸ್ಮಾದಲ್ಲಿ ಬೆರೆಸಲು ಅರ್ಧ ಗಂಟೆ, ಬಳಿಕ ಕೆಲವೇ ಗಂಟೆಗಳಲ್ಲಿ ಬಳಸಬೇಕು. ಕರಗಿಸುವಾಗ ಒಂದಷ್ಟು ಪ್ಲೇಟ್‌ಲೆಟ್ ನಾಶವಾಗುತ್ತವೆ. ಉಳಿದವು ದೇಹದಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ, ಆದರೆ ಹೆಪ್ಪುಗಟ್ಟಿಸುವ ಶಕ್ತಿ ಜೋರು. ದೂರದ ಆಸ್ಪತ್ರೆಗೆ, ಹಡಗಿಗೆ ಇದು ಒಪ್ಪುವ ವಸ್ತು.

ಕಪಾಟಿನಷ್ಟೇ ಗಮನ ವಾರ್ಡಿಗೂ ಬೇಕು. ಬೆಚ್ಚನೆಯ ಪ್ಲೇಟ್‌ಲೆಟ್ ಚೀಲ ವಾರ್ಡಿಗೆ ಬಂದ ಕೂಡಲೇ ಏರಿಸಬೇಕು. ರೋಗಿ ಸ್ಕ್ಯಾನಿಂಗ್‌ಗೆ ಹೋಗಿದ್ದಾನೆಂದು ಅದನ್ನು ಔಷಧದ ಫ್ರಿಜ್‌ಗೆ ತಳ್ಳುವುದು ಎಲ್ಲ ಕಡೆ ನಡೆಯುವ ತಪ್ಪು. ನಾಲ್ಕು ದಿನ 22 ಡಿಗ್ರಿಯಲ್ಲಿ ಕಾಪಾಡಿದ ಆಯುಷ್ಯವನ್ನು ಆ ಕೆಲವು ಗಂಟೆ ಕಸಿಯಬಲ್ಲದು. ತಣ್ಣನೆಯ ಪ್ಲೇಟ್‌ಲೆಟ್ ಒಳ್ಳೆಯದಂತೆ ಎಂಬ ಸುದ್ದಿ ಹರಡಿದಷ್ಟೂ ಈ ತಪ್ಪಿಗೆ ಸಮರ್ಥನೆ ಸಿಗುವ ಅಪಾಯವಿದೆ.

ರಕ್ತನಿಧಿಗಳವರ ಮನಸ್ಸನ್ನು ಹೆಚ್ಚು ಸೆಳೆಯುವ ಯೋಚನೆಯೂ ಇದಕ್ಕೆ ಹತ್ತಿರದ್ದೇ. ನಾಲ್ಕನೆಯ ದಿನದವರೆಗೆ ಬೆಚ್ಚಗಿಟ್ಟು, ಯಾರೂ ಕೇಳದಿದ್ದರೆ ಫ್ರಿಜ್‌ಗೆ ಹಾಕಿ ರಕ್ತಸ್ರಾವದವರಿಗಾಗಿ ಇನ್ನೂ ಒಂದು ವಾರ ಉಳಿಸಿಕೊಂಡರೆ ಕಸಕ್ಕೆ ಹೋಗುವುದು ತಪ್ಪುತ್ತದಲ್ಲ ಎಂಬುದು ಆ ಲೆಕ್ಕ. ಅಧ್ಯಯನಗಳು ನಡೆದಿವೆ. ತೊಡಕು ಎರಡು ಕಡೆ ಇದೆ. ಆ ಹೊತ್ತಿಗೆ ಪ್ಲೇಟ್‌ಲೆಟ್‌ಗಳು ಅರ್ಧ ಸವೆದಿರುತ್ತವೆ. ಬ್ಯಾಕ್ಟೀರಿಯಾ ಇದ್ದರೆ ಅದು ಬೆಳೆದಾಗಿರುತ್ತದೆ, ತಂಪು ಬೆಳವಣಿಗೆಯನ್ನು ನಿಲ್ಲಿಸುತ್ತದೆಯೇ ಹೊರತು ಬೆಳೆದದ್ದನ್ನು ಅಳಿಸುವುದಿಲ್ಲ. ಅಮೆರಿಕದ ಮಾರ್ಗಸೂಚಿ ಸಂಗ್ರಹಿಸಿದ ಕೆಲವೇ ಗಂಟೆಗಳಲ್ಲಿ ತಣ್ಣಗಾಗಿಸಬೇಕೆಂದು ಬಯಸುವುದು ಇದಕ್ಕೇ. ಹಾಗಾಗಿ ಮುಂದೆ ಯಾವ ರೋಗಿ ಬರುತ್ತಾನೆಂದು ತಿಳಿಯುವ ಮೊದಲೇ ಈ ಚೀಲ ಯಾವ ಕಪಾಟಿಗೆ ಎಂಬುದನ್ನು ರಕ್ತನಿಧಿ ತೀರ್ಮಾನಿಸಬೇಕಾಗುತ್ತದೆ. ದಿನಕ್ಕೆ ನೂರಾರು ಚೀಲ ತಯಾರಿಸುವ ಕೇಂದ್ರಕ್ಕೆ ಅದು ಕಷ್ಟವಲ್ಲ, ಹಿಂದಿನ ವರ್ಷದ ಬೇಡಿಕೆ ನೋಡಿ ಇಷ್ಟು ಪಾಲು ತಂಪಿಗೆ ಎಂದು ಎತ್ತಿಡಬಹುದು. ದಿನಕ್ಕೆ ನಾಲ್ಕೈದು ಚೀಲ ಮಾಡುವ ಕೇಂದ್ರ ಅದನ್ನು ಎರಡು ಕಪಾಟಿಗೆ ಹಂಚಿದರೆ ಎರಡರಲ್ಲೂ ಒಂದೊಂದು ದಿನ ಏನೂ ಇರುವುದಿಲ್ಲ. ಸಣ್ಣ ಕೇಂದ್ರಗಳು ಸದ್ಯಕ್ಕೆ ಒಂದೇ ಕಪಾಟಿಗೆ ಅಂಟಿಕೊಂಡಿರುವುದು ಈ ಲೆಕ್ಕಕ್ಕೆ, ಮತ್ತು ಆ ಕಪಾಟು ಬೆಚ್ಚನೆಯದೇ ಆಗಿದೆ.